ನೊಣದ ವೀರ್ಯಾಣು ಅಳೆದ ನನ್ನ ಅನುಭವ

ಎಂಎಸ್ಸಿ ಪ್ರಾಜೆಕ್ಟಿಗೆ ಹಣ್ಣುನೊಣದ ವೀರ್ಯಾಣು ಅಳೆಯುತ್ತೇನೆ ಅಂದಾಗ ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ, "ಅದಕ್ಕೂ ಇರುತ್ತಾ?" ಅಂದರು.

ಇರುತ್ತೆ, ಅದೂ ನಮ್ಮದಕ್ಕಿಂತ ಎಷ್ಟೋ ಉದ್ದ. ಮನುಷ್ಯನ ವೀರ್ಯಾಣು ಒಂದು ಮಿಲಿಮೀಟರಿನ 20ರಲ್ಲಿ ಒಂದು ಭಾಗದಷ್ಟು. ಬಾಳೆಹಣ್ಣಿಗೆ ಮುತ್ತುವ ಡ್ರೋಸೊಫಿಲಾ ಮೆಲನೊಗ್ಯಾಸ್ಟರ್‌ನದು ಸುಮಾರು 1.9 ಮಿಲಿಮೀಟರ್. ಇದರ ನೆಂಟ ಡ್ರೋಸೊಫಿಲಾ ಬೈಫರ್ಕಾದ್ದು ಬರೋಬ್ಬರಿ 58 ಮಿಲಿಮೀಟರ್, ಆ ಗಂಡಿನ ಮೈಯ 20 ಪಟ್ಟು! ಅದನ್ನು ಉಂಡೆ ಕಟ್ಟಿ ಸಾಗಿಸುತ್ತದೆ.

ನಾನು ಓದಿದ್ದು ಮೈಸೂರಿನಲ್ಲಿ. ಮಾನಸಗಂಗೋತ್ರಿಯಲ್ಲಿ ಡ್ರೋಸೊಫಿಲಾ ಸ್ಟಾಕ್ ಸೆಂಟರ್ ಇರುವುದರಿಂದ ನೊಣಕ್ಕೇನೂ ಬರವಿರಲಿಲ್ಲ. ಊಟ ಮಾತ್ರ ನಾವೇ ಬೇಯಿಸಬೇಕು: 1 ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಘಮ್ ಅಂತ ಸಜ್ಜಿಗೆ ವಾಸನೆ ಬರುತ್ತೆ, ಬೂಷ್ಟು ಹಿಡಿಯದಿರಲಿ ಅಂತ ಕೊನೆಗೆ ಪ್ರೊಪಿಯಾನಿಕ್ ಆಸಿಡ್ ಸುರಿಯುವವರೆಗೆ.

ನಿಜವಾದ ಕಷ್ಟ ವರ್ಜಿನ್ ಹೆಣ್ಣುಗಳನ್ನು ಹಿಡಿಯುವುದು. 25 ಡಿಗ್ರಿಯಲ್ಲಿ ಪ್ಯೂಪಾ ಗೂಡಿನಿಂದ ಹೊರಬಂದ 8 ಗಂಟೆಯೊಳಗೆ ಗಂಡಿನಿಂದ ಬೇರೆ ಮಾಡಬೇಕು, ಇಲ್ಲದಿದ್ದರೆ ಆ ಬಾಟಲಿಯನ್ನು ನಂಬುವ ಹಾಗಿಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೇ ಲ್ಯಾಬ್.

ಕೂಡಿಸಿ ನೋಡುವುದು ಮಜಾ ಇತ್ತು. ಗಂಡು ಹಿಂದೆ ಹಿಂದೆ ಹೋಗಿ ಕಾಲಿನಿಂದ ತಟ್ಟುತ್ತದೆ, ಒಂದೇ ರೆಕ್ಕೆ ಚಾಚಿ ಹಾಡುತ್ತದೆ. ಒಪ್ಪದ ಹೆಣ್ಣು ಒದ್ದೇ ಬಿಡುತ್ತದೆ. ಮೊದಲೇ ಬೇರೆ ಗಂಡುಗಳ ಜೊತೆ ಇಟ್ಟಿದ್ದ ಗಂಡು, ಒಂಟಿಯಾಗಿದ್ದ ಗಂಡಿಗಿಂತ ಜಾಸ್ತಿ ಹೊತ್ತು ಕೂಡುತ್ತದೆ. ಇದನ್ನು ಓದಿದ್ದೆ, ಆದರೂ ಸ್ಟಾಪ್‌ವಾಚ್ ಹಿಡಿದು ಕೂತಾಗ ನನ್ನ ಬಾಟಲಿಗಳಲ್ಲೂ ಹಾಗೇ ಆಗಿದ್ದು ನೋಡಿ ಖುಷಿಯಾಯಿತು.

ಅಳತೆಯಲ್ಲಿ ಮಾತ್ರ ಮೊದಲ ತಿಂಗಳು ಪೂರ್ತಿ ವ್ಯರ್ಥ. ಐದು ದಿನ ಹೆಣ್ಣಿಲ್ಲದೆ ಇಟ್ಟ ಗಂಡಿನ ವೀರ್ಯಕೋಶ, ಅಂದರೆ ವೀರ್ಯಾಣು ಸೇರುವ ಚೀಲ, ತುಂಬಿರುತ್ತದೆ, ಸಲೈನಿನಲ್ಲಿ ಒಡೆದರೆ ಬೆಂದ ಶಾವಿಗೆಯ ಗಂಟು! ತುದಿ ಯಾವುದು, ಬುಡ ಯಾವುದು ಗೊತ್ತಾಗುವುದಿಲ್ಲ. ಕವರ್‌ಸ್ಲಿಪ್ ಒತ್ತಿದರೆ ತುಂಡಾಗುತ್ತಿತ್ತು. ಕೊನೆಗೆ ಕೈಗೆ ಹತ್ತಿದ ಉಪಾಯ ಇಷ್ಟೇ. ಸಣ್ಣ ಸೂಜಿಯಿಂದ ಕೋಶಕ್ಕೆ ತೂತು ಮಾಡಿ, ದೊಡ್ಡ ಹನಿಯಲ್ಲಿ ಒಂದೇ ಸಲ ಪಕ್ಕಕ್ಕೆ ಎಳೆದು, ಆಮೇಲೆ ಮುಟ್ಟದೆ ಒಣಗಲು ಬಿಡುವುದು. ಹಿನ್ನೆಲೆ ಕಪ್ಪಾಗಿ ತೋರಿಸುವ ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ ಕಪ್ಪು ಆಕಾಶಕ್ಕೆ ಬೆಳ್ಳಿ ದಾರ ಹಾಕಿದ ಹಾಗೆ ಕಾಣುತ್ತದೆ. ಫೋಟೋ ತೆಗೆದು ಇಮೇಜ್‌ಜೆ ಅನ್ನುವ ಸಾಫ್ಟ್‌ವೇರಿನಲ್ಲಿ ದಾರದ ಮೇಲೆ ಗೆರೆ ಎಳೆದು ಅಳೆಯುತ್ತಿದ್ದೆ.

ನಾನು ಮಾಡಿದ ಪೆದ್ದುತನ ಬೇರೆಯೇ ಇದೆ. ಕೂಡಿದ ಹೆಣ್ಣುಗಳನ್ನೆಲ್ಲ ಕೆಲಸ ಮುಗಿಯಿತು ಅಂತ, ಬೇಡವಾದ ನೊಣ ಸಾಯಿಸುವ ಎಣ್ಣೆ ಬಾಟಲಿಗೆ ಹಾಕುತ್ತಿದ್ದೆ. ಮಿಲ್ಲರ್ ಮತ್ತು ಪಿಟ್ನಿಕ್ ಎಂಬ ವಿಜ್ಞಾನಿಗಳು 2002ರಲ್ಲೇ ತೋರಿಸಿದ್ದರು: ಹೆಣ್ಣು ವೀರ್ಯಾಣು ಕೂಡಿಡುವ ಕೊಳವೆ ಉದ್ದವಾದಷ್ಟೂ ಅಲ್ಲಿ ಉದ್ದನೆಯ ವೀರ್ಯಾಣುವಿಗೇ ಗೆಲುವು. ಅಂದರೆ ಆಟದ ಅರ್ಧ ಅಂಗಳ ಆ ಎಣ್ಣೆ ಬಾಟಲಿಯೊಳಗಿತ್ತು, ಅಲ್ವಾ? ಇದನ್ನು ಓದುವ ಹೊತ್ತಿಗೆ ಪ್ರಾಜೆಕ್ಟ್ ಸಲ್ಲಿಸಲು ಎರಡು ವಾರ ಉಳಿದಿತ್ತು. ಮತ್ತೆ ರವೆ ಬೇಯಿಸಿದೆ.