ಟ್ರಾನ್ಸಿಸ್ಟರ್ ಆಮೇಲೆ, ಮೊದಲು ಕೆಪಾಸಿಟರ್ ಮಾಡಿ

ಥಾಣೆ, ಡೊಂಬಿವಲಿ ಕಡೆಯ ನಮ್ಮ ಕನ್ನಡದ ಮಕ್ಕಳು ಎಲೆಕ್ಟ್ರಾನಿಕ್ಸ್ ಓದುತ್ತಾರೆ, ಚಿಪ್ ಡಿಸೈನ್ ಸಾಫ್ಟ್‌ವೇರನ್ನೂ ಕಲಿಯುತ್ತಾರೆ. ಆದರೆ ಚಿಪ್ ಮಾಡುವ ತೆಳು ಬಿಲ್ಲೆ, ಅಂದರೆ ಸಿಲಿಕಾನ್ ವೇಫರ್ ಮುಟ್ಟಿದವರು ಕಡಿಮೆ. ದಾರಿ ದೂರವಿಲ್ಲ. ಪೊವಾಯಿಯ ಐಐಟಿ ಬಾಂಬೆಯಲ್ಲಿ ನ್ಯಾನೋ ಫ್ಯಾಬ್ರಿಕೇಶನ್ ಲ್ಯಾಬ್ ಇದೆ. ಇಂಥ ಲ್ಯಾಬ್‌ಗಳಲ್ಲಿ ಹೊರಗಿನ ಕಾಲೇಜಿನವರಿಗೂ ತರಬೇತಿ ಕೊಡಲು ಕೇಂದ್ರ ಸರ್ಕಾರದ ಐಎನ್‌ಯುಪಿ (ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ) ಯೋಜನೆ ಇದೆ. ಬೆಂಗಳೂರಿನ ಐಐಎಸ್‌ಸಿಯೂ ಅದರಲ್ಲಿದೆ, ಊರಲ್ಲಿರುವ ತಮ್ಮ-ತಂಗಿಯರಿಗೂ ಹೇಳಿ.

ಹೋದ ಕೂಡಲೇ ಟ್ರಾನ್ಸಿಸ್ಟರ್ ಮಾಡುವ ಆಸೆ ಬೇಡ. ಎಂಒಎಸ್ (ಮೆಟಲ್-ಆಕ್ಸೈಡ್-ಸೆಮಿಕಂಡಕ್ಟರ್) ಕೆಪಾಸಿಟರ್ ಸಾಕು: ಕೆಳಗೆ ಸಿಲಿಕಾನ್, ನಡುವೆ ಆಕ್ಸೈಡ್, ಮೇಲೆ ಅಲ್ಯೂಮಿನಿಯಂ ಚುಕ್ಕೆ. ಹಂತ ಕಡಿಮೆ, ಎಲ್ಲಿ ತಪ್ಪಾಯಿತು ಅಂತ ಬೇಗ ಗೊತ್ತಾಗುತ್ತದೆ.

ಕ್ಲೀನ್ ರೂಮಿಗೆ, ಅಂದರೆ ಧೂಳಿಲ್ಲದಂತೆ ಕಾಪಾಡುವ ಲ್ಯಾಬ್ ಕೋಣೆಗೆ ಹೋಗುವ ದಿನ ಪೌಡರ್, ಕುಂಕುಮ, ವಿಭೂತಿ, ಮಲ್ಲಿಗೆ ಯಾವುದೂ ಬೇಡ. ಪೆನ್ಸಿಲ್ ಮತ್ತು ಮಾಮೂಲಿ ನೋಟ್‌ಬುಕ್ ಕೂಡ ಹೊರಗೇ ಇರಲಿ, ಎರಡರಿಂದಲೂ ಧೂಳು ಉದುರುತ್ತದೆ.

ಮೊದಲ ಕೆಲಸ ತೊಳೆಯುವುದು. ಇದಕ್ಕೆ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಎಲ್ಲ ಕಡೆ ನಡೆಯುವುದು ಆರ್‌ಸಿಎ ವಿಧಾನ, ಅದೇ ಹೆಸರಿನ ಅಮೆರಿಕದ ಕಂಪನಿಯಲ್ಲಿ ಹುಟ್ಟಿದ್ದು. ಅಮೋನಿಯಂ ಹೈಡ್ರಾಕ್ಸೈಡ್ 1, ಹೈಡ್ರೋಜನ್ ಪೆರಾಕ್ಸೈಡ್ 1, ನೀರು 5 ಪಾಲು ಸೇರಿಸಿ, ಸುಮಾರು 75 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಜಿಡ್ಡು, ಧೂಳು ಹೋಗುತ್ತದೆ. ನಂತರ ತೆಳು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಈಗ ವೇಫರ್ ಮೇಲೆ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಜಾರಿ ಹೋದರೆ ಹಳೆಯ ಆಕ್ಸೈಡ್ ಹೋಗಿದೆ ಎಂದರ್ಥ. ಹಾಳೆಯಂತೆ ಅಂಟಿ ನಿಂತರೆ ಇನ್ನೂ ಉಳಿದಿದೆ. ಕೊನೆಗೆ ಹೈಡ್ರೋಕ್ಲೋರಿಕ್ ಆಸಿಡ್, ಪೆರಾಕ್ಸೈಡ್, ನೀರಿನ ಮಿಶ್ರಣ. ಅದು ಲೋಹದ ಕಲ್ಮಶಕ್ಕೆ.

ಹೈಡ್ರೋಫ್ಲೋರಿಕ್ ಆಸಿಡ್ ಬಗ್ಗೆ ಒಂದು ಮಾತು ಜಾಸ್ತಿಯೇ ಹೇಳಬೇಕು. ತೆಳುವಾಗಿದ್ದರೆ ಚರ್ಮಕ್ಕೆ ತಾಗಿದ ತಕ್ಷಣ ಉರಿಯದೇ ಇರಬಹುದು. ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿಯುತ್ತದೆ, ನೋವು ಗಂಟೆಗಳ ನಂತರ ಬರುತ್ತದೆ. ಗಾಜನ್ನೂ ಕರಗಿಸುತ್ತದೆ, ಅದಕ್ಕೇ ಪ್ಲಾಸ್ಟಿಕ್ ಪಾತ್ರೆ. ಒಬ್ಬರೇ ಮಾಡಬೇಡಿ. ಇದು ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿದೆ ಅಂತ ಬಾಟಲಿ ತೆರೆಯುವ ಮೊದಲೇ ನೋಡಿಕೊಳ್ಳಿ.

ಇನ್ನು ಕುಲುಮೆ. 1000 ಡಿಗ್ರಿಯಲ್ಲಿ ಒಣ ಆಮ್ಲಜನಕ ಬಿಟ್ಟರೆ ಸುಮಾರು 2ರಿಂದ 3 ಗಂಟೆಯಲ್ಲಿ 100 ನ್ಯಾನೋಮೀಟರ್ ಆಕ್ಸೈಡ್ ಬೆಳೆಯುತ್ತದೆ. ವೇಫರನ್ನು ನಿಧಾನವಾಗಿ ತಳ್ಳಿ, ಇಲ್ಲವಾದರೆ ಸೊಟ್ಟಗಾಗುತ್ತದೆ. ಹೊರಬಂದಾಗ ಬೂದು ಸಿಲಿಕಾನ್ ಕಡು ನೇರಳೆಗೆ ತಿರುಗಿರುತ್ತದೆ. 70 ನ್ಯಾನೋಮೀಟರ್ ಇದ್ದರೆ ಕಂದು, 120 ಇದ್ದರೆ ಗಾಢ ನೀಲಿ. ಅಂಚಿಗೆ ಬೇರೆ ಬಣ್ಣ ಕಂಡರೆ ಅನಿಲ ಸಮನಾಗಿ ಹರಿದಿಲ್ಲ, ಇಲ್ಲವೇ ಬಿಸಿ ಸಮನಾಗಿಲ್ಲ.

ತೂತುಗಳಿರುವ ಲೋಹದ ಹಾಳೆಯನ್ನು ಮೇಲಿಟ್ಟು ಅಲ್ಯೂಮಿನಿಯಂ ಕೂರಿಸಿ. ಹಿಂಬದಿಯ ಆಕ್ಸೈಡ್ ತೆಗೆದು ಅಲ್ಲೂ ಲೋಹ ಹಾಕಿ. 450 ಡಿಗ್ರಿಯಲ್ಲಿ, ಹೈಡ್ರೋಜನ್ ಬೆರೆತ ಸಾರಜನಕದಲ್ಲಿ ಅರ್ಧ ಗಂಟೆ ಕಾಯಿಸಿ.

ಇನ್ನು ಅಳತೆ: ವೋಲ್ಟೇಜ್ ಬದಲಿಸುತ್ತಾ ಕೆಪಾಸಿಟೆನ್ಸ್ ಅಳೆದು ಗ್ರಾಫಿನ ಗೆರೆ ಎಳೆಯಿರಿ. 1 ಮಿಲಿಮೀಟರ್ ಅಗಲದ ಚುಕ್ಕೆಗೆ ಹೆಚ್ಚೆಂದರೆ 270 ಪಿಕೋಫ್ಯಾರಡ್ ಸುತ್ತಮುತ್ತ ಬರಬೇಕು. ತೀರಾ ಕಡಿಮೆ ಬಂದರೆ ಆಕ್ಸೈಡ್ ದಪ್ಪವಾಗಿದೆ, ಅಥವಾ ಹಿಂಬದಿ ಸಂಪರ್ಕ ಸರಿಯಿಲ್ಲ. ಆಮೇಲೆ ಮೇಲಿನ ಚುಕ್ಕೆಗೆ ಪ್ಲಸ್ ವೋಲ್ಟೇಜ್ ಕೊಟ್ಟು 200 ಡಿಗ್ರಿಗೆ ಕಾಯಿಸಿ, ತಣಿಸಿ, ಮತ್ತೆ ಅಳೆಯಿರಿ. ಗೆರೆ ಮೈನಸ್ ಕಡೆಗೆ ಸರಿದಿದ್ದರೆ ಒಳಗೆ ಸೋಡಿಯಂ ಸೇರಿದೆ. ಮುಂಬೈ ಸೆಕೆಯಲ್ಲಿ ಬೆವರಿದ ಬೆರಳು ಎಲ್ಲೋ ತಾಗಿರಬೇಕು, ಅಲ್ವಾ? 1960ರ ದಶಕದಲ್ಲಿ ದೊಡ್ಡ ಕಂಪನಿಗಳನ್ನೇ ಕಾಡಿದ ಸಮಸ್ಯೆ ಇದು.

ಗೆರೆ ಅಲುಗದಿದ್ದರೆ ಲಿಥೋಗ್ರಫಿಯ, ಅಂದರೆ ಬೆಳಕಿನಿಂದ ವೇಫರ್ ಮೇಲೆ ವಿನ್ಯಾಸ ಮೂಡಿಸುವ, ಹಳದಿ ಬೆಳಕಿನ ಕೋಣೆಗೆ ಹೋಗಬಹುದು. ಮಳೆಗಾಲವಾದರೆ ರೆಸಿಸ್ಟ್ (ಬೆಳಕಿಗೆ ಬದಲಾಗುವ ಲೇಪ) ಹಾಕುವ ಮೊದಲು ವೇಫರನ್ನು ಚೆನ್ನಾಗಿ ಕಾಯಿಸಿ, ಅದು ಅಂಟಿಕೊಳ್ಳಲು ನೆರವಾಗುವ ಎಚ್‌ಎಂಡಿಎಸ್ ರಾಸಾಯನಿಕ ಸವರಿ. ತೇವ ಉಳಿದರೆ ವಿನ್ಯಾಸ ಮೂಡಿಸುವ ದ್ರಾವಣ, ಡೆವಲಪರ್‌ನಲ್ಲಿ ರೆಸಿಸ್ಟ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.