ಐದು ಗುಂಡು ಹೇಳಿದ್ದು, ಮೂವತ್ತು ಗುಂಡು ಹೇಳಿದ್ದು

ಆರಿದ್ರಾ ಮಳೆ ಹಿಡಿದರೆ ಮೂಡಿಗೆರೆ ಕಡೆಯ ತೋಟಗಳಲ್ಲಿ ಹೊರಗಿನ ಕೆಲಸ ನಿಂತಂತೆಯೇ. ಅಷ್ಟರಲ್ಲಿ ಕಾಫಿಯೂ ಮಾರಾಟವಾಗಿ ಗೋಡೌನ್ ಖಾಲಿಯಾಗಿರುತ್ತದೆ. ನನ್ನ 10 ಮೀಟರ್ ಏರ್ ರೈಫಲ್ ಅಭ್ಯಾಸ ನಡೆಯುವುದು ಅಲ್ಲಿ. ಕಳೆದ ಮಳೆಗಾಲದಲ್ಲಿ ನಾಲ್ಕು ಡಬ್ಬಿ ಪೆಲೆಟ್‌ಗಳನ್ನು, ಎಂದರೆ ಗಾಳಿಯ ಒತ್ತಡದಿಂದ ಹಾರುವ ಮದ್ದಿಲ್ಲದ ಪುಟ್ಟ ಗುಂಡುಗಳನ್ನು, ಒರೆಗೆ ಹಚ್ಚಿದ್ದೂ ಅಲ್ಲೇ.

ಕೆಲವು ದೇಶಗಳಲ್ಲಿ ರೈಫಲ್ ಹವ್ಯಾಸಿಗಳು ತೋಟಾಗಳಿಗೆ ಮದ್ದು, ಗುಂಡನ್ನು ಮನೆಯಲ್ಲೇ ತುಂಬಿ, ತಮ್ಮ ಕೋವಿಗೆ ಹೊಂದುವಂತೆ ಬದಲಿಸುತ್ತಾ ಹೋಗುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಏರ್ ರೈಫಲ್‌ನಲ್ಲಂತೂ ತುಂಬುವ ಮಾತೇ ಇಲ್ಲ. ನಮಗಿರುವುದು ಆಯ್ಕೆ ಮಾತ್ರ: ಯಾವ ಡಬ್ಬಿ ನನ್ನ ನಳಿಗೆಗೆ ಒಗ್ಗುತ್ತದೆ? ಪೆಲೆಟ್‌ನ ತಲೆಯ ಅಳತೆ 4.49, 4.50, 4.51 ಮಿಲಿಮೀಟರ್ ಎಂದು ಬೇರೆ ಬೇರೆ ಬರುತ್ತದೆ. ನಾನು 4.49ರ ಒಂದು, 4.51ರ ಒಂದು, ಬೇರೆ ಬೇರೆ ಲಾಟ್‌ನ (ಒಟ್ಟಿಗೆ ತಯಾರಾದ ಕಂತಿನ) 4.50ರ ಎರಡು ಡಬ್ಬಿ ತಂದಿದ್ದೆ.

ರೈಫಲನ್ನು ಭುಜಕ್ಕಿಟ್ಟು ಹೊಡೆದರೆ ತಪ್ಪು ನನ್ನದೋ ಪೆಲೆಟ್‌ನದೋ ತಿಳಿಯುವುದಿಲ್ಲ. ಸಿಲ್ವರ್ ಓಕ್ ಹಲಗೆಯ ಮೇಜಿಗೆ ಬೆಂಚ್ ವೈಸ್ ಬಿಗಿದು, ಹಳೆಯ ರಬ್ಬರ್ ತುಂಡುಗಳ ನಡುವೆ ಹಿಡಿಕೆಯ ಮರವನ್ನಷ್ಟೇ ಹಿಡಿಸಿದೆ. ನಳಿಗೆಗೆ ಏನೂ ತಾಗಬಾರದು. ಗುರಿಯ ಹಿಂದೆ ಓರೆಯಾದ ಕಬ್ಬಿಣದ ತಗಡಿನ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಬಾಗಿಲಿಗೆ ಒಳಗಿನಿಂದ ಚಿಲಕ. ಇದರಲ್ಲಿ ಒಂದನ್ನೂ ಬಿಡುವಂತಿಲ್ಲ.

ಮೊದಲ ದಿನ ವೇಗ ಅಳೆಯುವ ಕ್ರೋನೋಗ್ರಾಫ್ ಕಂಗೆಡಿಸಿತು. ಸೆಕೆಂಡಿಗೆ 172 ಮೀಟರ್, 171, ಇದ್ದಕ್ಕಿದ್ದಂತೆ 214, ಮತ್ತೆ ಏನೂ ಇಲ್ಲ. ಸಿಲಿಂಡರಿನ ಗಾಳಿ, ವಾಷರ್ ಎಲ್ಲವನ್ನೂ ಅನುಮಾನಿಸಿದೆ. ಲೆಕ್ಕ ಬರೆದುಕೊಳ್ಳುತ್ತಿದ್ದ ಅಣ್ಣನ ಮಗ, "ಚಿಕ್ಕಪ್ಪ, ಟ್ಯೂಬ್‌ಲೈಟ್ ಆರಿಸಿ ನೋಡೋಣವೇ?" ಎಂದ. ಅವನ ಊಹೆಯೇ ಸರಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ನೆರಳು ನೋಡಿ ಲೆಕ್ಕ ಹಾಕುವ ಯಂತ್ರ ಆ ಮಿನುಗನ್ನೂ ಪೆಲೆಟ್ ಎಂದುಕೊಳ್ಳುತ್ತದೆ. ಹಳೆಯ ತಂತಿ ಬಲ್ಬ್ ತೂಗುಹಾಕಿದ ಮೇಲೆ ಅಂಕಿಗಳು ದಾರಿಗೆ ಬಂದವು.

ಕಾಗದದ ಕಷ್ಟ ಬೇರೆ. ಮಳೆಯ ತೇವಕ್ಕೆ ಗುರಿಹಾಳೆ ಮೆತ್ತಗಾಗಿ ತೂತು ಹರಿದಂತೆ ಕಾಣುತ್ತಿತ್ತು, ಅಳೆಯಲು ಅಂಚೇ ಸಿಗುತ್ತಿರಲಿಲ್ಲ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು ತೆಗೆದ ಹಾಳೆಗಳಲ್ಲಿ ತೂತು ಅಚ್ಚುಕಟ್ಟಾಗಿ ಬಿತ್ತು.

ಮೊದಲು ಪ್ರತಿ ಡಬ್ಬಿಯಿಂದ ಐದೈದು ಹೊಡೆದೆ. 4.50ರ ಮೊದಲ ಡಬ್ಬಿಯ ಐದೂ ಬಹುತೇಕ ಒಂದೇ ತೂತಿನಲ್ಲಿ ಹೋದವು, ಅತಿ ದೂರದ ಎರಡು ಗುರುತುಗಳ ನಡುವಿನಿಂದ ನಡುವಿಗೆ 1.4 ಮಿಲಿಮೀಟರ್. ಇನ್ನು ಹುಡುಕುವುದೇ ಬೇಡ ಎನ್ನಿಸಿತು. ಆದರೂ ಮನಸ್ಸು ಒಪ್ಪದೆ, ಮರುವಾರ ಪ್ರತಿ ಡಬ್ಬಿಯಿಂದ ಹತ್ತರಂತೆ ಮೂರು ಸುತ್ತು, ಡಬ್ಬಿ ಬದಲಿಸಿದಾಗಲೆಲ್ಲ ಲೆಕ್ಕಕ್ಕಿಲ್ಲದ ಐದು ಹೊಡೆದು, ಮತ್ತೆ ಪರೀಕ್ಷಿಸಿದೆ. ಗುಂಡು ಹೆಚ್ಚಿದಂತೆ ಗುಂಪು ತುಸು ಹಿಗ್ಗುವುದು ಸಹಜ. ಆದರೆ ಆ ಡಬ್ಬಿ 2.8, 3.0, 2.6 ಎಂದು ಚದುರಿತು. ಎರಡನೆಯ 4.50 ಮೂರು ಸುತ್ತಿನಲ್ಲೂ 1.9ರಿಂದ 2.2ರೊಳಗೇ ನಿಂತಿತು. ಐದರಲ್ಲಿ ಅಡಗಿಕೊಳ್ಳುವ ದಾರಿತಪ್ಪಿದ ಗುಂಡು ಮೂವತ್ತರಲ್ಲಿ ಹೊರಬೀಳುತ್ತದೆ.

ವೇಗ ಒಂದೇ ಸಮ ಬಂದರೆ ಗುರಿಯೂ ಸರಿ ಎಂಬ ನನ್ನ ನಂಬಿಕೆಯೂ ಅಂದೇ ಹೋಯಿತು. ವೇಗದಲ್ಲಿ ಅತ್ಯಂತ ಸ್ಥಿರವಾಗಿದ್ದ 4.51, ಕಾಗದದ ಮೇಲೆ ಎಲ್ಲಕ್ಕಿಂತ ಹೆಚ್ಚು ಚದುರಿತ್ತು. ಹಾಗೆಂದು ವೇಗವನ್ನು ಕಡೆಗಣಿಸುವಂತಿಲ್ಲ. ಸೆಕೆಂಡಿಗೆ 172 ಮೀಟರಿನ ಪೆಲೆಟ್ 10 ಮೀಟರ್ ಸಾಗುವಷ್ಟರಲ್ಲಿ ಸುಮಾರು 16.5 ಮಿಲಿಮೀಟರ್ ಇಳಿಯುತ್ತದೆ, 175ರದ್ದು ಸುಮಾರು 16. ಈ ಅರ್ಧ ಮಿಲಿಮೀಟರನ್ನು ಹಗುರವಾಗಿ ನೋಡಲಾರೆ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲವೇ ಅಷ್ಟು, ದಶಮಾಂಶದ ಲೆಕ್ಕದಲ್ಲಿ ಅದು 0.2 ಅಂಕ.

ಎರಡನೆಯ 4.50ರ ಲಾಟ್ ಸಂಖ್ಯೆಯನ್ನು ಬರೆದುಕೊಂಡು, ಅದೇ ಸಂಖ್ಯೆಯ ಇನ್ನೂ ಆರು ಡಬ್ಬಿ ತರಿಸಿದ್ದೇನೆ. ಉಳಿದ ಮೂರು ಡಬ್ಬಿಗಳು ನಿತ್ಯದ ಅಭ್ಯಾಸಕ್ಕೆ ಖರ್ಚಾಗುತ್ತಿವೆ.