ಕೊಡಗಿನ ಕ್ಯಾನ್ಸರ್ ಸಾವುಗಳನ್ನು ದೇಶದ ಲೆಕ್ಕದ ಪಕ್ಕ ಇಟ್ಟು ನೋಡಿದ ಅನುಭವ

"ನಮ್ಮ ಕೊಡಗಲ್ಲಿ ಕ್ಯಾನ್ಸರ್ ಜಾಸ್ತಿ." ಈ ಮಾತು ಇಲ್ಲಿ ಯಾವ ಸಾವಿನ ಮನೆಗೆ ಹೋದರೂ ಕಿವಿಗೆ ಬೀಳುತ್ತದೆ. ತೋಟಕ್ಕೆ ಹೊಡೆಯುವ ಔಷಧಿಯಿಂದ ಅಂತ ಒಬ್ಬರು, ನೀರಿನಿಂದ ಅಂತ ಇನ್ನೊಬ್ಬರು. ಜಾಸ್ತಿ ಅಂದರೆ ಯಾವುದಕ್ಕಿಂತ ಜಾಸ್ತಿ ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಆರೋಗ್ಯದ ಅಂಕಿಅಂಶಗಳ ಕೆಲಸ ಮಾಡುವವಳು ನಾನು. ದಕ್ಷಿಣ ಕೊಡಗಿನ ಒಂದು ಹೋಬಳಿಯ ಸಾವುಗಳನ್ನು ಹಿಡಿದು ಈ ಪ್ರಶ್ನೆಗೆ ಉತ್ತರ ಹುಡುಕಿದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೇಶದ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮಾಡುವ ಗ್ಲೋಬೋಕಾನ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಕ್ಯಾನ್ಸರ್‌ನಿಂದ ಸತ್ತವರು ಸುಮಾರು 9.16 ಲಕ್ಷ. ವಯಸ್ಸಿನ ಹೊಂದಾಣಿಕೆ ಮಾಡಿದರೆ, ಅಂದರೆ ಎಲ್ಲ ಕಡೆ ವಯಸ್ಸಿನ ಹಂಚಿಕೆ ಒಂದೇ ಅಂತ ಇಟ್ಟುಕೊಂಡರೆ, ಲಕ್ಷ ಜನಕ್ಕೆ ಸುಮಾರು 64. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5.54 ಲಕ್ಷ. ಇದೇ ದರವನ್ನು ನೇರವಾಗಿ ಹಾಕಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ 350ರ ಆಸುಪಾಸು. ಇದು ಅಳತೆಯ ಅಂದಾಜು ಸಿಗಲಿ ಅಂತ ಮಾಡಿದ ಲೆಕ್ಕ, ಅಷ್ಟೇ. ತೀರ್ಪು ಕೊಡಲು ಇದು ಸಾಲದು.

ಯಾಕೆ ಸಾಲದು? ನಮ್ಮ ಸಾವುಗಳು ನಮ್ಮ ಪುಸ್ತಕದಲ್ಲಿ ಇರುವುದಿಲ್ಲ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು, ಕಾನೂನು ಇರುವುದು ಹಾಗೆ. ಕ್ಯಾನ್ಸರ್ ಅಂದರೆ ಕೊಡಗಿನವರು ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಅಲ್ಲೇ ತೀರಿಕೊಂಡರೆ ಆ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಇಲ್ಲಿನ ರಿಜಿಸ್ಟರ್ ಮಾತ್ರ ನೋಡಿದರೆ ಕೊಡಗಲ್ಲಿ ಕ್ಯಾನ್ಸರ್ ಬಹಳ ಕಡಿಮೆ ಅನ್ನಿಸಿಬಿಡುತ್ತದೆ. ದೊಡ್ಡ ಆಸ್ಪತ್ರೆ ಇರುವ ಊರಲ್ಲಿ ವಿಪರೀತ ಜಾಸ್ತಿ ಅನ್ನಿಸುತ್ತದೆ. ಎರಡೂ ಸುಳ್ಳು.

ಅದಕ್ಕೆ ನಾನು ಮಾಡಿದ ಮುಖ್ಯ ಕೆಲಸ ಸತ್ತವರನ್ನು ಅವರವರ ಮನೆ ವಿಳಾಸಕ್ಕೆ ವಾಪಸ್ ತರುವುದು. ಆಶಾ ಕಾರ್ಯಕರ್ತೆಯರ ಮನೆ ಸಮೀಕ್ಷೆ ಪುಸ್ತಕ, ಗ್ರಾಮ ಲೆಕ್ಕಿಗರ ಬಳಿಯ ಸಾವಿನ ದಾಖಲೆ, ಸ್ಥಳೀಯ ಪತ್ರಿಕೆಯ ನಿಧನ ಸುದ್ದಿ, ಈ ಮೂರನ್ನೂ ಪಕ್ಕಪಕ್ಕ ಇಟ್ಟೆ. ನಿಧನ ಸುದ್ದಿಯಲ್ಲಿ ಮನೆತನ, ಊರು, ವಯಸ್ಸು, ಯಾವ ಆಸ್ಪತ್ರೆಯಲ್ಲಿ ತೀರಿಕೊಂಡರು ಅನ್ನುವುದು ಹೆಚ್ಚಾಗಿ ಇರುತ್ತದೆ. ಆದರೆ ಲೈನ್‌ಮನೆಯವರ (ತೋಟದ ಕೂಲಿಕಾರರ ಸಾಲುಮನೆಗಳವರ) ಮತ್ತು ಹಾಡಿಯವರ (ಆದಿವಾಸಿ ಕೇರಿಗಳವರ) ಸಾವು ಪತ್ರಿಕೆಯಲ್ಲಿ ಬರುವುದು ಅಪರೂಪ. ಅಲ್ಲಿಗೆ ಆಶಾ ಅಕ್ಕಂದಿರ ಪುಸ್ತಕವೇ ಗತಿ.

ಕಾರಣದ ಕಾಲಂ ಇನ್ನೊಂದು ತೊಡಕು. ಆಸ್ಪತ್ರೆಯಲ್ಲಿ ಸತ್ತರೆ ವೈದ್ಯರು ನಮೂನೆ 4 ತುಂಬಬೇಕು. ಅದರಲ್ಲಿ ಎ, ಬಿ, ಸಿ ಅಂತ ಸಾಲುಗಳಿವೆ. ಮೇಲಿನ ಸಾಲು ಕೊನೆಗೆ ಏನಾಯಿತು ಅನ್ನುವುದಕ್ಕೆ. ಅದಕ್ಕೆ ಮೂಲ ಯಾವುದು ಅನ್ನುವುದನ್ನು ಕೆಳಗಿನ ಸಾಲಲ್ಲಿ ಬರೆಯಬೇಕು. ಅಂಕಿಅಂಶಕ್ಕೆ ಬೇಕಾಗಿರುವುದು ಆ ಮೂಲ ಕಾರಣ. ಮೇಲೆ 'ಹೃದಯ ಸ್ತಂಭನ' ಅಂತ ಬರೆದು ಕೆಳಗಿನದನ್ನು ಖಾಲಿ ಬಿಟ್ಟರೆ ಒಂದು ಕ್ಯಾನ್ಸರ್ ಸಾವು ಕಾಣೆಯಾದಂತೆ. ದೇಶದಲ್ಲೂ ಇದೇ ಕಥೆ. 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢಪಡಿಸಿದ್ದು ಶೇ. 22.5 ಮಾತ್ರ.

ಒಂದು ಸಾಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬ ಅಜ್ಜಿಯ ಹೆಸರಿನ ಎದುರು 'ವಯೋಸಹಜ' ಅಂತಿತ್ತು. ಆಶಾ ಅಕ್ಕ ನೋಡಿದವರೇ ಹೇಳಿದರು, "ಅಲ್ಲ ಮೇಡಂ, ಅವರಿಗೆ ಎದೆಯಲ್ಲಿ ಗಂಟಾಗಿತ್ತಲ್ಲ. ಮೈಸೂರಲ್ಲಿ ಆಪರೇಷನ್ ಆಗಿ, ಆಮೇಲೆ ಮನೆಗೆ ಕರ್ಕೊಂಡು ಹೋಗಿ ಅಂದ್ರು." ಮನೆಯವರು ಫೈಲ್ ತಂದು ತೋರಿಸಿದರು. ಪ್ಲಾಸ್ಟಿಕ್ ಕವರಿನಲ್ಲಿ ಬಯಾಪ್ಸಿ ವರದಿ, ಕೀಮೋ ಚೀಟಿಗಳು, ಎಲ್ಲ ಜೋಪಾನವಾಗಿ ಇಟ್ಟಿದ್ದರು. ಇಷ್ಟು ಸ್ಪಷ್ಟ ದಾಖಲೆ ಇದ್ದ ಸಾವು ದೇಶದ ಲೆಕ್ಕದಲ್ಲಿ ಕ್ಯಾನ್ಸರ್ ಆಗಿ ಸೇರಲೇ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ಮನೆಗೆ ಹೋದಾಗ 'ಕ್ಯಾನ್ಸರ್ ಇತ್ತಾ' ಅಂತ ನೇರವಾಗಿ ಕೇಳಬಾರದು. ಎಷ್ಟೋ ಮನೆಗಳಲ್ಲಿ ಆ ಹೆಸರೇ ಎತ್ತುವುದಿಲ್ಲ, 'ದೊಡ್ಡ ಕಾಯಿಲೆ' ಅನ್ನುತ್ತಾರೆ. ಎಷ್ಟು ದಿನ ಹಾಸಿಗೆ ಹಿಡಿದಿದ್ದರು, ಗಂಟು ಇತ್ತಾ, ಊಟ ಇಳಿಯುತ್ತಿತ್ತಾ, ತೂಕ ಇಳಿದಿತ್ತಾ, ಎಲೆ ಅಡಿಕೆ ಹೊಗೆಸೊಪ್ಪು ಹಾಕುತ್ತಿದ್ದರಾ, ಕರೆಂಟ್ (ವಿಕಿರಣ ಚಿಕಿತ್ಸೆ) ಕೊಟ್ಟರಾ ಅಂತ ಕೇಳುತ್ತಾ ಹೋದರೆ ಅವರೇ ಹೇಳುತ್ತಾರೆ. ದೇಶಮಟ್ಟದ ಮಿಲಿಯನ್ ಡೆತ್ ಅಧ್ಯಯನ ಕೂಡ ಹೀಗೇ ಮನೆಯವರನ್ನು ಕೇಳಿ ಮಾಡಿದ್ದು. 2010ರಲ್ಲಿ ಭಾರತದಲ್ಲಿ ಸುಮಾರು 5.56 ಲಕ್ಷ ಕ್ಯಾನ್ಸರ್ ಸಾವು, ಅದರಲ್ಲಿ ಶೇ. 71 ಜನ 30ರಿಂದ 69 ವರ್ಷದೊಳಗಿನವರು ಎಂದು ಅದು ಅಂದಾಜಿಸಿತ್ತು. ಹೆಸರುಗಳನ್ನು ನಾನು ನನ್ನ ಹಾಳೆಯಲ್ಲಿ ಉಳಿಸಿಕೊಳ್ಳಲಿಲ್ಲ. ಸಣ್ಣ ಊರಲ್ಲಿ ವಯಸ್ಸು, ಮನೆತನ ಹೇಳಿದರೇ ಸಾಕು, ಯಾರೆಂದು ಗೊತ್ತಾಗಿಬಿಡುತ್ತದೆ.

ಆಮೇಲೆ ವಯಸ್ಸಿನ ಲೆಕ್ಕ. 2001ರಲ್ಲಿ ಕೊಡಗಿನಲ್ಲಿ 5.48 ಲಕ್ಷ ಜನ ಇದ್ದರು. ಹತ್ತು ವರ್ಷದಲ್ಲಿ ಏರಿದ್ದು ಹೆಚ್ಚುಕಡಿಮೆ ಶೇ. 1. ಮಕ್ಕಳು ಓದಿ ಬೆಂಗಳೂರು ಸೇರುತ್ತಾರೆ, ತೋಟದ ಮನೆಯಲ್ಲಿ ಅಪ್ಪ ಅಮ್ಮ ಉಳಿಯುತ್ತಾರೆ. ವಯಸ್ಸಾದವರು ಜಾಸ್ತಿ ಇರುವ ಊರಲ್ಲಿ ಕ್ಯಾನ್ಸರ್ ಸಾವೂ ಜಾಸ್ತಿ ಇರುತ್ತದೆ, ಅದಕ್ಕೆ ಔಷಧಿ, ನೀರು ಯಾವುದೂ ಬೇಕಿಲ್ಲ. ಹಾಗಾಗಿ ಐದೈದು ವರ್ಷದ ಗುಂಪು ಮಾಡಿದೆ. ಪ್ರತಿ ಗುಂಪಿಗೂ ಆ ವಯಸ್ಸಿನವರ ದೇಶದ ದರ ಹಾಕಿ, ನಮ್ಮ ಹೋಬಳಿಯಲ್ಲಿ ಎಷ್ಟು ಸಾವು ಆಗಬೇಕಿತ್ತು ಅಂತ ಲೆಕ್ಕ ಹಾಕಿದೆ. ಆದ ಸಾವುಗಳನ್ನು ಅದರ ಪಕ್ಕ ಇಟ್ಟೆ. ಸಣ್ಣ ಜಾಗಕ್ಕೆ ಈ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ಜನರ ವಯಸ್ಸಿಗೆ ಮತದಾರರ ಪಟ್ಟಿ ಸುಲಭ ಅನ್ನಿಸುತ್ತದೆ, ಆದರೆ ಊರು ಬಿಟ್ಟವರ ಹೆಸರೂ ಅದರಲ್ಲಿ ಇರುತ್ತದೆ. ಆಶಾ ಸಮೀಕ್ಷೆಯೇ ವಾಸಿ.

ಸಂಖ್ಯೆ ಸಣ್ಣದಾದರೆ ಏನಾಗುತ್ತದೆ ನೋಡಿ. ಹೋಬಳಿಯಲ್ಲಿ 40 ಸಾವಿರ ಜನ ಅಂತ ಇಟ್ಟುಕೊಳ್ಳೋಣ. ದೇಶದ ದರದಲ್ಲಿ ವರ್ಷಕ್ಕೆ ಸುಮಾರು 25 ಸಾವು. ಏನೂ ಬದಲಾಗದೆ, ಬರೀ ಆಕಸ್ಮಿಕವಾಗಿ ಅದು ಒಂದು ವರ್ಷ 16, ಇನ್ನೊಂದು ವರ್ಷ 36 ಆಗಬಹುದು. ಆ 36ರ ವರ್ಷ ಊರೆಲ್ಲಾ ಗಾಬರಿ ಬೀಳುತ್ತದೆ, ಅಲ್ವಾ? ಅಮೆರಿಕದಲ್ಲಿ ಪ್ರತಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ದರವನ್ನು ದೇಶದ ದರದ ಜೊತೆ ಹೋಲಿಸಿ ತೋರಿಸುವ ಸರ್ಕಾರಿ ವ್ಯವಸ್ಥೆ ಇದೆ. ಅವರು ಐದು ವರ್ಷದ ಸರಾಸರಿ ಕೊಡುತ್ತಾರೆ. 16ಕ್ಕಿಂತ ಕಡಿಮೆ ಪ್ರಕರಣ ಇದ್ದರೆ ಸಂಖ್ಯೆಯನ್ನೇ ತೋರಿಸುವುದಿಲ್ಲ. ಸತ್ತವರನ್ನು ವಾಸದ ವಿಳಾಸಕ್ಕೇ ಸೇರಿಸುತ್ತಾರೆ. ಈ ಮೂರೂ ಪದ್ಧತಿ ನಮಗೂ ಬೇಕು. ಆದರೆ ಅವರ ದರವನ್ನು ತಂದು ನಮ್ಮ ದರದ ಪಕ್ಕ ಇಡಬೇಡಿ. ಅವರು ಅಮೆರಿಕದ 2000ನೇ ಇಸವಿಯ ಜನಸಂಖ್ಯೆಗೆ ಹೊಂದಿಸುತ್ತಾರೆ, ಗ್ಲೋಬೋಕಾನ್ ಬಳಸುವುದು ಬೇರೆ ಮಾದರಿ ಜನಸಂಖ್ಯೆ. ಅದರಲ್ಲಿ ವೃದ್ಧರ ಪಾಲು ತೀರಾ ಕಡಿಮೆ.

ವರ್ಷದಿಂದ ವರ್ಷಕ್ಕೆ ಏರುತ್ತಿದೆಯಾ ಅನ್ನುವುದನ್ನು ಇನ್ನೂ ಎಚ್ಚರದಿಂದ ನೋಡಬೇಕು. ವೈದ್ಯರು ಕಾರಣ ಸರಿಯಾಗಿ ಬರೆಯಲು ಶುರು ಮಾಡಿದರೂ ಕ್ಯಾನ್ಸರ್ ಗೆರೆ ಮೇಲೇರುತ್ತದೆ. ಅದಕ್ಕೆ ನಾನು ಕ್ಯಾನ್ಸರ್ ಗೆರೆಯ ಕೆಳಗೆ 'ವಯೋಸಹಜ', 'ಗೊತ್ತಿಲ್ಲ' ಅನ್ನುವ ಸಾವುಗಳ ಗೆರೆಯನ್ನೂ ಎಳೆದೆ. ಒಂದು ಏರಿದಾಗ ಇನ್ನೊಂದು ಇಳಿದಿದ್ದರೆ, ಬದಲಾಗಿರುವುದು ಬರವಣಿಗೆ ಇರಬಹುದು. 2020, 2021ನ್ನು ಬೇರೆ ಇಟ್ಟೆ. ಕೊರೋನಾದಿಂದ ಆ ಎರಡು ವರ್ಷದ ದಾಖಲೆಗಳು ಕಲಸಿಹೋಗಿವೆ.

ಉತ್ತರ ಏನು ಸಿಕ್ಕಿತು? ಸತ್ತವರನ್ನು ಮನೆಗೆ ತಂದು, ವಯಸ್ಸು ಹೊಂದಿಸಿ, ವರ್ಷಗಳನ್ನು ಕೂಡಿಸಿ ನೋಡಿದರೆ ನಮ್ಮ ಹೋಬಳಿ ದೇಶಕ್ಕಿಂತ ಜಾಸ್ತಿ ಅಂತಲೂ ಹೇಳಲಾಗಲಿಲ್ಲ, ಕಡಿಮೆ ಅಂತಲೂ ಹೇಳಲಾಗಲಿಲ್ಲ. ದೇಶದ ದರ ನಮ್ಮ ಅಂದಾಜಿನ ವ್ಯಾಪ್ತಿಯ ಒಳಗೇ ಬಿತ್ತು. ಹಾಡಿಗಳಲ್ಲಿ ಮಾತ್ರ ಕಡಿಮೆ ಕಂಡಿತು. ಅದನ್ನು ನಾನು ನಂಬುವುದಿಲ್ಲ. ಅಲ್ಲಿ ವೈದ್ಯರು ನೋಡದೆ, ಪರೀಕ್ಷೆ ಆಗದೆ ತೀರಿಕೊಂಡವರೇ ಜಾಸ್ತಿ. ಹಾಗಾಗಿ ಹಾಡಿಯ ಸಂಖ್ಯೆಯನ್ನು ವರದಿಯಲ್ಲಿ ಹೋಲಿಕೆಗೆ ಸೇರಿಸದೆ ಬೇರೆ ಪುಟದಲ್ಲಿ ಬರೆದೆ. ಮೊದಲು ಅಲ್ಲಿ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಆಗಲಿ ಎಂದು ಆಶಾ ಸಭೆಯಲ್ಲಿ ಕೇಳಿಕೊಂಡೆ. ಸಾವು ಎಲ್ಲಿ ಆದರೂ ಆಸ್ಪತ್ರೆಯ ಕೊನೆಯ ಚೀಟಿಯ ಒಂದು ಫೋಟೋ ತೆಗೆದಿಡಿ ಅಂತಲೂ ಹೇಳಿದ್ದೇನೆ.